ಮನೆಯ ಸೆಪ್ಟಿಕ್ ತೊಟ್ಟಿಯೂ ನೀರಿನ ಮಿತವ್ಯಯವೂ

ನೀರನ್ನು ಹಿತಮಿತವಾಗಿ ಬಳಸಬೇಕೆಂಬ ಮಾತು ಬರಗಾಲದಲ್ಲಿ ಎಲ್ಲರ ಬಾಯಲ್ಲೂ ಕೇಳಿಬರುತ್ತದೆ. ಮಳೆ ಬಂದು ಕೆರೆಕಟ್ಟೆಗಳು ತುಂಬಿದೊಡನೆ ಮರೆತುಹೋಗುತ್ತದೆ. 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದಾಗ ಒಂದೊಂದು ಕೊಡ ನೀರಿಗೂ ಲೆಕ್ಕವಿಟ್ಟ ಮನೆಗಳಲ್ಲಿಯೇ, ಮರುವರ್ಷ ಮುಂಗಾರು ಕೈಹಿಡಿದ ಬಳಿಕ ನಲ್ಲಿಗಳು ಮೊದಲಿನಂತೆಯೇ ಧಾರಾಳವಾಗಿ ಹರಿಯತೊಡಗಿದವು. ನೀರನ್ನು ಉಳಿಸುವುದೆಂದರೆ ಬಾವಿಯಲ್ಲಿ ಉಳಿಸುವುದು ಎಂಬ ಒಂದೇ ಅರ್ಥ ಜನಮನದಲ್ಲಿ ನೆಲೆಗೊಂಡಿರುವುದು ಇದಕ್ಕೆ ಕಾರಣ. ಆದರೆ ಮನೆಯೊಳಕ್ಕೆ ಬಂದ ನೀರು ಮನೆಯಿಂದ ಹೊರಕ್ಕೆ ಹೋಗಲೇಬೇಕಷ್ಟೆ. ಒಳಚರಂಡಿಯ ಸೌಕರ್ಯವಿಲ್ಲದ ಊರುಗಳಲ್ಲಿ, ನಗರಗಳ ಅಂಚಿನ ಹೊಸ ಬಡಾವಣೆಗಳಲ್ಲಿ, ಅದು ಹೋಗಿ ಸೇರುವುದು ಅಂಗಳದ ಮೂಲೆಯಲ್ಲಿ ಹೂತಿರುವ ಸೆಪ್ಟಿಕ್ ತೊಟ್ಟಿಯನ್ನು. ಆ ತೊಟ್ಟಿಯ ದೃಷ್ಟಿಯಿಂದ ನೋಡಿದರೆ ನೀರಿನ ಮಿತವ್ಯಯವು ಬರಗಾಲಕ್ಕಿಂತಲೂ ಮಳೆಗಾಲದಲ್ಲಿ ಹೆಚ್ಚು ಅವಶ್ಯವಾದುದು. ಮೇಲುನೋಟಕ್ಕೆ ವಿಪರೀತವೆನಿಸುವ ಈ ಮಾತಿನ ಯುಕ್ತಾಯುಕ್ತತೆಯನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಹಿಂದಿನ ಕಾಲದ ಮನೆಗಳಲ್ಲಿ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಬಚ್ಚಲು ಮನೆಯ ಹಿಂಭಾಗದಲ್ಲಿರುತ್ತಿತ್ತು. ಹಂಡೆಯಿಂದ ತೋಡಿಕೊಂಡು ಮಿಂದ ನೀರು ಬಚ್ಚಲಿನ ತೂಬಿನಿಂದ ಹೊರಬಿದ್ದು ಹಿತ್ತಿಲಿನ ಬಾಳೆಯ ಬುಡಕ್ಕೋ ಕೆಸುವಿನ ಮಡಿಗೋ ತೆಂಗಿನ ಪಾತಿಗೋ ಸೇರುತ್ತಿತ್ತು. ಪಾತ್ರೆ ತೊಳೆದ ನೀರಿಗೂ ಅದೇ ದಾರಿ. ಮಲವಿಸರ್ಜನೆ ಹಳ್ಳಿಗಳಲ್ಲಿ ಬಯಲಿಗೆ ಸೇರಿದ್ದರೆ, ಪಟ್ಟಣಗಳಲ್ಲಿ ಮನುಷ್ಯನೇ ಮನುಷ್ಯನ ಮಲವನ್ನು ಬಾಚಿ ತಲೆಯ ಮೇಲೆ ಹೊತ್ತು ಸಾಗಿಸುವ ಹೀನ ಪದ್ಧತಿಯಿತ್ತು. 1970ರ ದಶಕದಲ್ಲಿ ಶ್ರೀ ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ ಅದು ಈ ರಾಜ್ಯದಲ್ಲಿ ನಿಷೇಧಿಸಲ್ಪಟ್ಟಿತು. ಅನಂತರದ ದಶಕಗಳಲ್ಲಿ ನಲ್ಲಿಯ ನೀರೂ ಮೇಲ್ತೊಟ್ಟಿಯೂ ಮನೆಮನೆಗೆ ಬಂದು, ಬಚ್ಚಲು, ಶೌಚಗೃಹ, ಅಡುಗೆಮನೆ ಮೂರೂ ಒಂದೇ ಸೂರಿನ ಕೆಳಗೆ ಸೇರಿಕೊಂಡವು. ಇದು ಸ್ವಾಗತಾರ್ಹವೇ. ಆದರೆ ಅದರೊಂದಿಗೆ ಒಂದು ಅವಿವೇಕವೂ ಬಂದಿತು. ಹಿಂದೆ ಬೇರೆ ಬೇರೆ ದಾರಿ ಹಿಡಿಯುತ್ತಿದ್ದ ಸ್ನಾನದ ನೀರು, ಬಟ್ಟೆ ಒಗೆದ ನೀರು, ಶೌಚದ ನೀರು ಎಲ್ಲವನ್ನೂ ಒಂದೇ ಕೊಳವೆಗೆ ಕೂಡಿಸಿ, ಒಂದು ಸಣ್ಣ ತೊಟ್ಟಿಗೆ ಬಿಡುವುದು ವಾಡಿಕೆಯಾಯಿತು.

ಈ ತೊಟ್ಟಿಯ ಮೂಲ ಫ್ರಾನ್ಸ್ ದೇಶದ್ದು. ಅಲ್ಲಿಯ ಜಾನ್ ಲೂಯಿ ಮೂರಾಸ್ ಎಂಬಾತ 1860ರ ಸುಮಾರಿಗೆ ತನ್ನ ಮನೆಯ ಹೊಲಸನ್ನು ಮುಚ್ಚಿದ ತೊಟ್ಟಿಯೊಂದಕ್ಕೆ ಬಿಡುವ ಏರ್ಪಾಡು ಮಾಡಿದನು. ಹಲವು ವರ್ಷಗಳ ತರುವಾಯ ಅದನ್ನು ತೆರೆದಾಗ ಒಳಗೆ ಗಟ್ಟಿ ಪದಾರ್ಥವು ನಿರೀಕ್ಷೆಗಿಂತ ಎಷ್ಟೋ ಕಡಿಮೆಯಿದ್ದುದನ್ನು ಕಂಡು ಬೆರಗಾಗಿ, 1881ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದನು. 1895ರ ಹೊತ್ತಿಗೆ ಇಂಗ್ಲೆಂಡಿನ ಎಕ್ಸೆಟರ್ ನಗರದಲ್ಲಿ ಡೊನಾಲ್ಡ್ ಕ್ಯಾಮೆರನ್ ಅದನ್ನು ಸುಧಾರಿಸಿ 'ಸೆಪ್ಟಿಕ್ ಟ್ಯಾಂಕ್' ಎಂಬ ಹೆಸರನ್ನಿತ್ತನು. 'ಸೆಪ್ಟಿಕ್' ಎಂಬುದು ಗ್ರೀಕ್ ಮೂಲದ ಶಬ್ದ; ಕೊಳೆಯಿಸತಕ್ಕದ್ದು ಎಂದು ಅದರ ಅರ್ಥ. ಕನ್ನಡದಲ್ಲಿ 'ಕೊಳೆ' ಎಂಬುದು ನಾಮಪದವೂ ಹೌದು, ಕ್ರಿಯಾಪದವೂ ಹೌದು. ನಾಮಪದವಾದಾಗ ಹೊಲಸು, ಕ್ರಿಯಾಪದವಾದಾಗ ಆ ಹೊಲಸು ಕಳಚಿ ಬೇರೊಂದಾಗುವ ಬಗೆ. ತೊಟ್ಟಿಯ ಕೆಲಸವೆಲ್ಲವೂ ಈ ಒಂದು ಶಬ್ದದಲ್ಲಿ ಅಡಗಿದೆ: ಕೊಳೆಯು ಅಲ್ಲಿ ಕೊಳೆಯಬೇಕು. ಕೊಳೆಯಲು ಬೇಕಾದುದು ಕಾಲ.

ತೊಟ್ಟಿಯೊಳಗೆ ನಡೆಯುವುದೇನೆಂಬುದನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಒಳ್ಳೆಯದು. ಹೊಲಸು ಬೆರೆತ ನೀರು ತೊಟ್ಟಿಗೆ ಬಂದು ನಿಂತಾಗ ಭಾರವಾದ ಪದಾರ್ಥ ಮೆಲ್ಲನೆ ತಳಕ್ಕಿಳಿದು ಗಸಿಯಾಗುತ್ತದೆ. ಎಣ್ಣೆ, ಜಿಡ್ಡು, ಸಾಬೂನಿನ ನೊರೆ ಮುಂತಾದ ಹಗುರವಾದವು ಮೇಲೆ ತೇಲಿ ಕೆನೆಗಟ್ಟುತ್ತವೆ. ಇವೆರಡರ ನಡುವೆ ಉಳಿಯುವುದು ತಕ್ಕಮಟ್ಟಿಗೆ ತಿಳಿಯಾದ ನೀರು. ಹೊಸದಾಗಿ ಎಷ್ಟು ನೀರು ಒಳಬರುವುದೋ ಅಷ್ಟೇ ತಿಳಿನೀರು ಮತ್ತೊಂದು ತುದಿಯ ಕೊಳವೆಯಿಂದ ಹೊರಬಿದ್ದು ಇಂಗುಗುಂಡಿಗೆ ಹೋಗುತ್ತದೆ. ತಳದ ಗಸಿಯನ್ನು ಗಾಳಿಯ ಹಂಗಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ತಿಂದು ಕರಗಿಸುತ್ತವೆ. ಈ ಜೀರ್ಣಕ್ರಿಯೆಯಲ್ಲಿ ಹುಟ್ಟುವ ಅನಿಲಗಳು ಹೊರಹೋಗಲೆಂದೇ ತೊಟ್ಟಿಗೆ ಎತ್ತರವಾದ ಗಾಳಿಕೊಳವೆಯನ್ನು ಇಡುವುದು. ಇಲ್ಲಿ ಗಮನಿಸಬೇಕಾದುದು, ತೊಟ್ಟಿಯಲ್ಲಿ ಚಲಿಸುವ ಯಂತ್ರವಾಗಲಿ ಸೋಸುವ ಜಾಲರಿಯಾಗಲಿ ಇಲ್ಲವೆಂಬುದು. ನೀರು ಅಲುಗದೆ ನಿಂತರೆ ಮಾತ್ರ ಗಸಿ ಇಳಿಯುತ್ತದೆ. ಕೆರೆಯ ಬಗ್ಗಡದ ನೀರನ್ನು ಗಡಿಗೆಯಲ್ಲಿ ತುಂಬಿ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ತಿಳಿಯನ್ನು ಬಗ್ಗಿಸಿಕೊಳ್ಳುತ್ತಿದ್ದ ಗೃಹಿಣಿಗೆ ಇದನ್ನು ಯಾರೂ ಬೋಧಿಸಬೇಕಾಗಿಲ್ಲ. ಗಡಿಗೆಗೆ ಘಳಿಗೆಗೊಮ್ಮೆ ನೀರು ಸುರಿಯುತ್ತಿದ್ದರೆ ಬಗ್ಗಡ ಇಳಿಯುವುದೆಂತು?

ಲೆಕ್ಕದ ಮೂಲಕ ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಭಾರತೀಯ ಮಾನಕ 2470ರ ಪ್ರಕಾರ ಐದು ಜನರ ಕುಟುಂಬಕ್ಕೆ 1.5 ಮೀಟರ್ ಉದ್ದ, 0.75 ಮೀಟರ್ ಅಗಲ, 1 ಮೀಟರ್ ನೀರಿನ ಆಳವುಳ್ಳ ತೊಟ್ಟಿ ಸಾಕು. ಅದರಲ್ಲಿ ಹಿಡಿಸುವ ನೀರು 1125 ಲೀಟರ್. ಕಾಲಕ್ರಮದಲ್ಲಿ ಗಸಿ ಮತ್ತು ಕೆನೆ ಸೇರಿ ಅರ್ಧ ಭಾಗವನ್ನು ಆಕ್ರಮಿಸಿದವೆಂದು ಇಟ್ಟುಕೊಂಡರೆ ನೀರು ನಿಲ್ಲಲು ಉಳಿಯುವ ಜಾಗ ಸುಮಾರು 560 ಲೀಟರಿನದು. ಹಳೆಯ ಮಾದರಿಯ, ಒಂದು ಸಲಕ್ಕೆ 10 ಲೀಟರ್ ಸುರಿಯುವ ಫ್ಲಷ್ ತೊಟ್ಟಿಯನ್ನು ಐವರೂ ದಿನಕ್ಕೆ ನಾಲ್ಕು ಬಾರಿ ಬಳಸಿದರೆ 200 ಲೀಟರ್ ಆಗುತ್ತದೆ. ಆಗ ನೀರಿಗೆ ದೊರೆಯುವ ವಿರಾಮ ಮೂರು ದಿನಕ್ಕೆ ತುಸು ಕಡಿಮೆ. ಸ್ನಾನ, ಬಟ್ಟೆ, ಪಾತ್ರೆಗಳ ನೀರನ್ನೂ ಅದೇ ತೊಟ್ಟಿಗೆ ಬಿಟ್ಟು ದಿನದ ಮೊತ್ತ 600 ಲೀಟರ್ ಆದರೆ, ವಿರಾಮ ಒಂದು ದಿನಕ್ಕೂ ಕಡಿಮೆಯಾಗುತ್ತದೆ. ಭಾನುವಾರ ವಾರದ ಬಟ್ಟೆಯನ್ನೆಲ್ಲ ಒಗೆಯುವ ಯಂತ್ರಕ್ಕೆ ಮೂರು ಸಲ ಹಾಕಿದರೆ ಇನ್ನೂ 300 ಲೀಟರ್ ಸೇರಿ ವಿರಾಮ 15 ಗಂಟೆಗೆ ಇಳಿಯುತ್ತದೆ. ಇದೂ ನೀರು ದಿನವಿಡೀ ಸಮನಾಗಿ ಬಂದರೆ ಹೇಳುವ ಮಾತು. ವಸ್ತುತಃ ಬೆಳಗಿನ ಎರಡು ಗಂಟೆಗಳಲ್ಲಿಯೇ ದಿನದ ಬಹುಪಾಲು ನೀರು ನುಗ್ಗುತ್ತದೆ. ತಳದ ಗಸಿಯನ್ನೂ ಕದಡಿ, ಜೀರ್ಣವಾಗದ ಹೊಲಸನ್ನು ಹೊರಗಿನ ಕೊಳವೆಗೆ ತಳ್ಳುತ್ತದೆ. ತೊಟ್ಟಿಯಲ್ಲಿ ನೀರು ಒಂದರಿಂದ ಎರಡು ದಿನವಾದರೂ ನಿಲ್ಲಬೇಕೆಂಬುದು ತಜ್ಞರ ಮತ.

'ನೀರು ಹೆಚ್ಚು ಬಿಟ್ಟಷ್ಟೂ ತೊಟ್ಟಿ ಸ್ವಚ್ಛವಾಗುತ್ತದೆ' ಎಂಬ ನಂಬಿಕೆ ವಿದ್ಯಾವಂತರಲ್ಲಿಯೂ ಉಂಟು. ದುರ್ವಾಸನೆ ಬಂದಾಗ ನಾಲ್ಕು ಬಕೆಟ್ ನೀರು ಸುರಿದು ಸಮಾಧಾನಪಡುವವರನ್ನು ಎಲ್ಲೆಡೆಯೂ ಕಾಣಬಹುದು. ಸ್ವಚ್ಛವಾಗುವುದು ಶೌಚದ ಬೋಗುಣಿಯೇ ಹೊರತು ತೊಟ್ಟಿಯಲ್ಲ. ಹಾಗೆ ಸುರಿದ ನೀರು ಹೊತ್ತೊಯ್ದ ಹೊಲಸಿನ ಕಣಗಳು ಇಂಗುಗುಂಡಿಯ ಗೋಡೆಯ ಮಣ್ಣಿನ ರಂಧ್ರಗಳಲ್ಲಿ ಸಿಕ್ಕಿಕೊಳ್ಳುತ್ತವೆ. ದಿನದಿನಕ್ಕೆ ಅಲ್ಲಿ ಕರಿಯ ಲೋಳೆಯ ಪದರು ದಪ್ಪವಾಗಿ ಬೆಳೆದು ಮಣ್ಣು ನೀರನ್ನು ಕುಡಿಯುವುದನ್ನೇ ನಿಲ್ಲಿಸುತ್ತದೆ. ತುಂಬಿದ ಸೆಪ್ಟಿಕ್ ತೊಟ್ಟಿಯನ್ನು ಯಂತ್ರದಿಂದ ಒಂದು ಗಂಟೆಯಲ್ಲಿ ಬರಿದು ಮಾಡಬಹುದು. ಕಟ್ಟಿಹೋದ ಇಂಗುಗುಂಡಿಗೆ ಅಂತಹ ಸುಲಭ ಪರಿಹಾರವಿಲ್ಲ. ಬಹುಮಟ್ಟಿಗೆ ಬೇರೊಂದು ಸ್ಥಳದಲ್ಲಿ ಹೊಸ ಗುಂಡಿಯನ್ನೇ ತೋಡಬೇಕಾಗುತ್ತದೆ. ಮೂವತ್ತು ನಲವತ್ತು ಅಡಿಯ ನಿವೇಶನದಲ್ಲಿ ಬೇರೊಂದು ಸ್ಥಳವೆಲ್ಲಿಯದು?

ಇಂಗುಗುಂಡಿಯ ಮಹತ್ತ್ವವನ್ನು ಜನ ಸಾಕಷ್ಟು ಅರಿತಿಲ್ಲ. ತೊಟ್ಟಿಯಿಂದ ಹೊರಬರುವ ನೀರು ಕಣ್ಣಿಗೆ ತಿಳಿಯಾಗಿ ತೋರಿದರೂ ಶುದ್ಧವಲ್ಲ. ರೋಗಾಣುಗಳು ಅದರಲ್ಲಿ ಹೇರಳವಾಗಿರುತ್ತವೆ. ಅವನ್ನು ತಡೆದು ನಾಶಪಡಿಸುವ ಕೆಲಸ ಮಣ್ಣಿನದು. ಮಣ್ಣಿನ ಕಣಗಳ ನಡುವೆ ಗಾಳಿಯಾಡುತ್ತಿರುವಾಗ ನೀರು ತೆಳುವಾಗಿ, ನಿಧಾನವಾಗಿ ಇಳಿದರೆ ಈ ಕೆಲಸ ಚೆನ್ನಾಗಿ ನಡೆಯುತ್ತದೆ; ಮಣ್ಣೆಲ್ಲ ನೀರಿನಲ್ಲಿ ಮುಳುಗಿದರೆ ನಡೆಯದು. ಕುಡಿಯುವ ನೀರಿನ ಬಾವಿಗೂ ಇಂಗುವ ಸ್ಥಳಕ್ಕೂ 18 ಮೀಟರ್, ಎಂದರೆ ಸುಮಾರು 60 ಅಡಿ ಅಂತರವಿರಬೇಕೆಂದು ಮೇಲೆ ಹೇಳಿದ ಮಾನಕವು ವಿಧಿಸುವುದು ಈ ಕಾರಣದಿಂದಲೇ. ಒತ್ತೊತ್ತಾಗಿ ಮನೆಗಳೆದ್ದಿರುವ ಬಡಾವಣೆಗಳಲ್ಲಿ ಒಬ್ಬರ ಇಂಗುಗುಂಡಿಗೂ ನೆರೆಮನೆಯವರ ಕೊಳವೆಬಾವಿಗೂ ನಡುವೆ ಒಂದು ಕಾಂಪೌಂಡು ಗೋಡೆ ಮಾತ್ರವಿರುವುದು ಅಪರೂಪವಲ್ಲ. ಅಂತರವನ್ನು ಹೆಚ್ಚಿಸುವುದು ಇನ್ನು ಸಾಧ್ಯವಿಲ್ಲ. ಸಾಧ್ಯವಿರುವುದು, ಆ ಮಣ್ಣಿನ ಮೇಲೆ ಬೀಳುವ ಹೊರೆಯನ್ನು ಇಳಿಸುವುದು.

ಮಣ್ಣಿನ ಗುಣವೂ ಎಲ್ಲೆಡೆ ಒಂದೇ ಅಲ್ಲ. ಹಳೆಯ ಮೈಸೂರು ಪ್ರಾಂತದ ಕೆಮ್ಮಣ್ಣು ನೀರನ್ನು ತಕ್ಕಮಟ್ಟಿಗೆ ಹೀರುತ್ತದೆ. ವಿಜಯಪುರ, ಬಾಗಲಕೋಟೆ, ಗದಗ, ಕಲಬುರಗಿ ಸೀಮೆಗಳ ಎರೆಮಣ್ಣಾದರೋ ಬೇಸಗೆಯಲ್ಲಿ ಬಿರುಕುಬಿಟ್ಟು, ಒದ್ದೆಯಾದೊಡನೆ ಉಬ್ಬಿ ಬಿಗಿದುಕೊಂಡು ನೀರಿಗೆ ದಾರಿಯನ್ನೇ ಕೊಡುವುದಿಲ್ಲ. ಕರಾವಳಿಯ ಜಂಬಿಟ್ಟಿಗೆಯ ನೆಲ ಇದಕ್ಕೆ ತದ್ವಿರುದ್ಧ. ಅಲ್ಲಿ ನೀರು ಬೇಗನೆ ಇಳಿದುಹೋಗುತ್ತದೆ. ಆದರೆ ಮಳೆಗಾಲದಲ್ಲಿ ಬಾವಿಯ ನೀರು ಕೈಗೆಟುಕುವಷ್ಟು ಮೇಲೆ ಬರುವ ಆ ನಾಡಿನಲ್ಲಿ, ಬೇಗನೆ ಇಳಿದುದು ಬೇಗನೆ ಬಾವಿಯನ್ನೂ ಸೇರಬಹುದು. ಆರಂಭದಲ್ಲಿ ಹೇಳಿದ ವಿಪರೀತೋಕ್ತಿಯ ಅರ್ಥ ಇಲ್ಲಿ ತಿಳಿಯಾಗುತ್ತದೆ. ಆಷಾಢ ಶ್ರಾವಣಗಳಲ್ಲಿ ನೆಲವು ಮೊದಲೇ ನೀರುಂಡು ತೇಗುತ್ತಿರುವಾಗ, ಮನೆಯಿಂದ ಬರುವ ಒಂದೊಂದು ಬಿಂದಿಗೆಗೂ ಅಲ್ಲಿ ಎಡೆಯಿರುವುದಿಲ್ಲ. ಮನೆಯಲ್ಲಿ ನಲ್ಲಿ ಬಿಟ್ಟಷ್ಟೂ ಅಂಗಳದಲ್ಲಿ ಹೊಲಸು ನೀರು ಒಸರುವುದು ಆಗಲೇ. ತಾರಸಿಯ ಮಳೆನೀರಿನ ಕೊಳವೆಯನ್ನು ಸೆಪ್ಟಿಕ್ ತೊಟ್ಟಿಗೋ ಇಂಗುಗುಂಡಿಗೋ ಸೇರಿಸುವವರು ಈ ಕೇಡನ್ನು ತಾವಾಗಿಯೇ ಬರಮಾಡಿಕೊಳ್ಳುತ್ತಾರೆ.

ಹಾಗಾದರೆ ಮಿತವ್ಯಯವನ್ನು ಎಲ್ಲಿಂದ ಆರಂಭಿಸಬೇಕು? ಯಾರ ಸುಖಕ್ಕೂ ಬಾರದೆ ಪೋಲಾಗುವ ನೀರಿನಿಂದ. ಸೆಕೆಂಡಿಗೊಂದು ಹನಿಯಂತೆ ತೊಟ್ಟಿಕ್ಕುವ ನಲ್ಲಿ ದಿನಕ್ಕೆ 15ರಿಂದ 20 ಲೀಟರ್ ನೀರನ್ನು ಕಳೆಯುತ್ತದೆ. ಫ್ಲಷ್ ತೊಟ್ಟಿಯ ಒಳಗಿನ ರಬ್ಬರು ಸವೆದು ಬೋಗುಣಿಗೆ ನೀರು ಸದ್ದಿಲ್ಲದೆ ಜಾರುತ್ತಿದ್ದರೆ ದಿನಕ್ಕೆ ನೂರಾರು ಲೀಟರ್ ಹೋದರೂ ಹೋಯಿತು. ರಾತ್ರಿ ಮನೆಯವರೆಲ್ಲ ಮಲಗಿದ ಮೇಲೂ ಸೆಪ್ಟಿಕ್ ತೊಟ್ಟಿಗೆ ವಿಶ್ರಾಂತಿಯಿಲ್ಲ. ಇದನ್ನು ಪತ್ತೆಹಚ್ಚುವುದು ಬಲು ಸುಲಭ. ಮಲಗುವ ಮುನ್ನ ಫ್ಲಷ್ ತೊಟ್ಟಿಯ ನೀರಿಗೆ ಸ್ವಲ್ಪ ಅರಿಸಿನವನ್ನೋ ಬಣ್ಣವನ್ನೋ ಕದಡಿ ಅರ್ಧ ಗಂಟೆ ಬಿಟ್ಟು ನೋಡಿದರೆ, ಸೋರಿಕೆಯಿದ್ದಲ್ಲಿ ಬೋಗುಣಿಯಲ್ಲಿ ಬಣ್ಣ ಕಾಣುತ್ತದೆ. ಅಲ್ಪ ವೆಚ್ಚದ ರಬ್ಬರಿನ ಬಿಲ್ಲೆಯೊಂದನ್ನು ಬದಲಿಸುವುದರಿಂದ ಆಗುವ ಉಪಕಾರ, ಸ್ನಾನದ ನೀರನ್ನು ಒಂದು ತಂಬಿಗೆ ಕಡಿಮೆ ಮಾಡಿಕೊಳ್ಳಿರೆಂದು ಮಕ್ಕಳನ್ನು ಗದರಿಸುವುದರಿಂದ ಆಗದು.

ಫ್ಲಷ್ ತೊಟ್ಟಿಯನ್ನೇ ಬದಲಿಸಲು ಶಕ್ತಿಯಿದ್ದವರು ಎರಡು ಗುಂಡಿಗಳುಳ್ಳ, 3 ಮತ್ತು 6 ಲೀಟರ್ ಅಳತೆಯದನ್ನು ಹಾಕಿಸುವುದು ಲೇಸು. ಮೇಲಿನ ಲೆಕ್ಕದ ಕುಟುಂಬದಲ್ಲಿ ಇಷ್ಟರಿಂದಲೇ ಶೌಚದ ನೀರು 200 ಲೀಟರಿನಿಂದ 80ರ ಸುಮಾರಿಗೆ ಇಳಿಯುತ್ತದೆ. ಶವರಿನ ಕೆಳಗೆ ಹತ್ತು ನಿಮಿಷ ನಿಲ್ಲುವವರಿಗೆ 80 ಲೀಟರಾದರೂ ಬೇಕು. ಬಕೆಟು ತಂಬಿಗೆಗಳಿಂದ ಮೀಯುವವರಿಗೆ 20 ಲೀಟರ್ ಧಾರಾಳವಾಯಿತು. ಬಟ್ಟೆಯನ್ನು ಒಂದೇ ದಿನಕ್ಕೆ ಕೂಡಿಡದೆ ವಾರದಲ್ಲಿ ಎರಡು ಮೂರು ದಿನಗಳಿಗೆ ಹಂಚಿದರೆ ನೀರಿನ ಮೊತ್ತ ಅಷ್ಟೇ ಆದರೂ ತೊಟ್ಟಿಗೆ ಬೀಳುವ ಪೆಟ್ಟು ಕಡಿಮೆ. ಕುಡಿಯುವ ನೀರನ್ನು ಶುದ್ಧಿಮಾಡುವ ಯಂತ್ರ ಹೊರಚೆಲ್ಲುವ ನೀರು ನೆಲ ಒರೆಸಲು ಬರುತ್ತದೆ. ಅದನ್ನು ಕೊಳವೆಗೆ ಬಿಡುವುದು ಸಲ್ಲದು.

ಎಲ್ಲಕ್ಕಿಂತ ಮಿಗಿಲಾದ ಉಪಾಯವೆಂದರೆ ಹಳೆಯ ಬಚ್ಚಲಿನ ದಾರಿಯನ್ನು ಮತ್ತೆ ತೆರೆಯುವುದು. ಸ್ನಾನದ ಮತ್ತು ಬಟ್ಟೆಯ ನೀರನ್ನು ಬೇರೆ ಕೊಳವೆಯಿಂದ ಹಿತ್ತಿಲಿನ ಬಾಳೆ ತೆಂಗುಗಳ ಪಾತಿಗೆ ಹರಿಸಿದರೆ ತೊಟ್ಟಿಯ ಹೊರೆ ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಆ ನೀರು ನಿಂತು ಸೊಳ್ಳೆಗೆ ಆಶ್ರಯವಾಗದಂತೆ ಪಾತಿಯನ್ನು ಆಗಾಗ ಬದಲಿಸುತ್ತಿರಬೇಕು. ಸೊಪ್ಪು, ಮೂಲಂಗಿಗಳಂತೆ ಹಸಿಯಾಗಿ ತಿನ್ನುವವಕ್ಕೆ ಹಾಯಿಸಬಾರದು. ಅಡುಗೆಮನೆಯ ಜಿಡ್ಡುನೀರಿಗೆ ನಡುವೆ ಒಂದು ಸಣ್ಣ ಹೊಂಡವನ್ನು ಕಟ್ಟಿ ಜಿಡ್ಡನ್ನು ತೆಗೆಯುವುದು ಅವಶ್ಯ. ಹಿತ್ತಿಲೇ ಇಲ್ಲದ ಪೇಟೆಯ ಮನೆಗಳವರಿಗೆ ಈ ಉಪಾಯ ದಕ್ಕದು. ಅಂಥವರು ಬಟ್ಟೆ ಜಾಲಿಸಿದ ಕೊನೆಯ ನೀರನ್ನಾದರೂ ಬಕೆಟಿನಲ್ಲಿ ಹಿಡಿದು ಶೌಚಗೃಹದಲ್ಲಿ ಬಳಸಬಹುದು. ಒಂದೇ ನೀರು ಎರಡು ಕೆಲಸ ಮಾಡಿದಂತಾಗುತ್ತದೆ.

ಹಬ್ಬಹರಿದಿನಗಳ ಮಾತನ್ನು ಬೇರೆಯಾಗಿಯೇ ಹೇಳಬೇಕು. ದೀಪಾವಳಿಯಲ್ಲಿ ನೀರು ತುಂಬುವ ಹಬ್ಬದ ಸಂಜೆ ಹಂಡೆಯನ್ನು ಬೆಳಗಿ, ಸಿಂಗರಿಸಿ ತುಂಬುತ್ತಾರೆ. ಮರುದಿನ ನಸುಕಿನಲ್ಲಿ ಬಂದ ಬಂಧುಗಳಿಗೆಲ್ಲ ಎಣ್ಣೆನೀರು. ಐವರಿಗಾಗಿ ಕಟ್ಟಿದ ತೊಟ್ಟಿ ಅಂದು ಹದಿನೈದು ಜನರ ಅಭ್ಯಂಜನದ ನೀರನ್ನು, ಅದೂ ಎಣ್ಣೆಯ ಜಿಡ್ಡಿನೊಡನೆ, ಎರಡು ತಾಸಿನಲ್ಲಿ ನುಂಗಬೇಕು. ಹಬ್ಬವನ್ನು ಬಿಡಬೇಕೆಂದು ಯಾರೂ ಹೇಳಲಾರರು. ಆ ದಿನದ ಸ್ನಾನವನ್ನು ಹಿತ್ತಿಲಿನ ಕಲ್ಲಿನ ಮೇಲೆ ನಡೆಯಿಸಿದರೆ, ಬಟ್ಟೆಯ ಕೆಲಸವನ್ನು ಹಿಂದಕ್ಕೋ ಮುಂದಕ್ಕೋ ಹಾಕಿದರೆ ಸಾಕು.

ಮಿತವ್ಯಯಕ್ಕೂ ಒಂದು ಮಿತಿಯುಂಟು. ಶೌಚಗೃಹದಿಂದ ತೊಟ್ಟಿಗೆ ಹೋಗುವ ಕೊಳವೆ ಉದ್ದವಾಗಿದ್ದು ಇಳಿಜಾರು ಸಾಲದಿದ್ದರೆ, ತೀರ ಕಡಿಮೆ ನೀರು ಹಾಕಿದಾಗ ಹೊಲಸು ಅರ್ಧದಾರಿಯಲ್ಲಿಯೇ ಒಣಗಿ ಕಟ್ಟಿಕೊಳ್ಳುತ್ತದೆ. ಮಲವನ್ನು ಸಾಗಿಸುವಷ್ಟು ನೀರು ಬೇಕೇ ಬೇಕು. ಉಳಿತಾಯವನ್ನು ಅಲ್ಲಿ ಮಾಡದೆ ಮೊದಲು ಸೋರಿಕೆಯಲ್ಲಿ, ಸ್ನಾನದಲ್ಲಿ, ಬಟ್ಟೆಯಲ್ಲಿ ಮಾಡಬೇಕು.

ಮನೆಯ ವಿಷಯವೇ ಹೀಗಿರುವಾಗ ನೂರಾರು ವಿದ್ಯಾರ್ಥಿಗಳು ಉಂಡು ಮಲಗುವ ಪ್ರಸಾದನಿಲಯಗಳ ಸ್ಥಿತಿಯನ್ನು ಹೇಳುವುದೇನು? ಬೆಳಿಗ್ಗೆ ಐದರಿಂದ ಏಳರವರೆಗೆ ಎಲ್ಲರ ಶೌಚಸ್ನಾನಗಳೂ ಒಟ್ಟಿಗೆ ನಡೆಯಬೇಕು. ನೂರು ಜನರಿಗೆಂದು ಕಟ್ಟಿದ ನಿಲಯದಲ್ಲಿ ಇನ್ನೂರು ಜನ ಸೇರಿದಾಗ ಕೊಠಡಿಗಳನ್ನು ಹೆಚ್ಚಿಸುತ್ತಾರೆ, ಊಟದ ಮನೆಯನ್ನು ವಿಸ್ತರಿಸುತ್ತಾರೆ. ನೆಲದಡಿಯ ತೊಟ್ಟಿ ಮಾತ್ರ ನೂರು ಜನರದಾಗಿಯೇ ಉಳಿಯುತ್ತದೆ. ಕೊಠಡಿಯ ಬಾಗಿಲ ಮೇಲೆ ದಾನಿಗಳ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುವ ಸಂಪ್ರದಾಯ ಉಂಟು. ಸೆಪ್ಟಿಕ್ ತೊಟ್ಟಿಯ ಮುಚ್ಚಳದ ಮೇಲೆ ಯಾರೂ ಹೆಸರು ಕೆತ್ತಿಸಲಾರರು. ಆದುದರಿಂದಲೇ ಅದಕ್ಕೆ ದಾನ ಹುಟ್ಟುವುದೂ ಕಷ್ಟ. ಸೋರುವ ನಲ್ಲಿಗಳನ್ನೆಲ್ಲ ದುರಸ್ತಿ ಮಾಡಿಸುವುದು, ಸ್ನಾನಗೃಹಗಳ ನೀರನ್ನು ಬೇರ್ಪಡಿಸಿ ತೋಟಕ್ಕೆ ತಿರುಗಿಸುವುದು ಹೊಸ ಕೊಠಡಿಯೊಂದನ್ನು ಕಟ್ಟಿಸುವುದಕ್ಕಿಂತ ಅಗ್ಗದ ಕೆಲಸ. ಮಕ್ಕಳ ಆರೋಗ್ಯಕ್ಕೆ ಅದಕ್ಕಿಂತ ಹತ್ತಿರವಾದುದು.

ನೀರನ್ನು ಎಷ್ಟು ಉಳಿಸಿದರೂ ತೊಟ್ಟಿಯನ್ನು ಬರಿದುಮಾಡುವ ಕೆಲಸ ತಪ್ಪುವುದಿಲ್ಲ ಎಂಬುದನ್ನೂ ಹೇಳಲೇಬೇಕು. ಮೂರಾಸನ ಕಾಲದಿಂದಲೂ ಸೆಪ್ಟಿಕ್ ತೊಟ್ಟಿ ಎಲ್ಲವನ್ನೂ ಅರಗಿಸಿಕೊಳ್ಳುತ್ತದೆಂಬ ಭ್ರಮೆ ನಡೆದುಬಂದಿದೆ. ಅರಗದೆ ಉಳಿಯುವ ಗಸಿಯನ್ನು ಎರಡು ಮೂರು ವರ್ಷಗಳಿಗೊಮ್ಮೆ ಯಂತ್ರದಿಂದ ಹೀರಿಸಬೇಕು. 'ನಮ್ಮ ಮನೆಯ ಗುಂಡಿಯನ್ನು ಇಪ್ಪತ್ತು ವರ್ಷಗಳಿಂದ ತೆರೆದಿಲ್ಲ' ಎಂದು ಅಭಿಮಾನದಿಂದ ಹೇಳಿಕೊಳ್ಳುವವರುಂಟು. ಅದು ಅಭಿಮಾನಪಡುವ ಸಂಗತಿಯಲ್ಲ. ತಳಕ್ಕೆ ಗಾರೆಯಿಲ್ಲದ ಆಳವಾದ ಗುಂಡಿಯಿಂದ ಹೊಲಸೆಲ್ಲ ನೇರವಾಗಿ ಅಂತರ್ಜಲಕ್ಕೆ ಇಳಿಯುತ್ತಿದೆ ಎಂದಾದರೂ ಅದರ ಅರ್ಥ; ಇಲ್ಲವೆ ಗಸಿ ಕಲ್ಲಿನಂತೆ ಗಟ್ಟಿಯಾಗಿ, ನೀರು ಅದರ ಮೇಲಿಂದಲೇ ಜಾರಿ ಇಂಗುಗುಂಡಿಗೆ ಹೋಗುತ್ತಿದೆ ಎಂದು ಅರ್ಥ.

ಗಸಿ ಹಾಗೆ ಗಟ್ಟಿಯಾದಾಗ ಯಂತ್ರದ ಕೊಳವೆ ಅದನ್ನು ಎಳೆಯಲಾರದು. ಆಗಲೇ ಯಾರೋ ಒಬ್ಬ ಬಡವನಿಗೆ ಹಣದ ಆಸೆ ತೋರಿ, ಗುದ್ದಲಿ ಬಕೆಟುಗಳನ್ನು ಕೊಟ್ಟು ಒಳಗಿಳಿಸುವುದು. ತೊಟ್ಟಿಯಲ್ಲಿ ತುಂಬಿರುವ ಹೈಡ್ರೋಜನ್ ಸಲ್ಫೈಡ್ ಅನಿಲ ಗಾಳಿಗಿಂತ ಭಾರವಾದುದು. ಪ್ರಮಾಣ ಹೆಚ್ಚಿದಾಗ ವಾಸನೆಯನ್ನು ಗ್ರಹಿಸುವ ಶಕ್ತಿಯನ್ನೇ ಅದು ಕುಂದಿಸುವುದರಿಂದ ಇಳಿದವನಿಗೆ ಅಪಾಯದ ಸುಳಿವೇ ಸಿಗುವುದಿಲ್ಲ. ಮೊದಲನೆಯವನು ಕುಸಿದನೆಂದು ಎತ್ತಲು ಹೋದ ಎರಡನೆಯವನೂ ಮೇಲೆ ಬರುವುದಿಲ್ಲ. ರಕ್ಷಣೆಯ ಸಾಧನಗಳಿಲ್ಲದೆ ಮನುಷ್ಯನನ್ನು ಸೆಪ್ಟಿಕ್ ತೊಟ್ಟಿಗಿಳಿಸುವುದು 2013ರ ಕಾಯ್ದೆಯಂತೆ ಶಿಕ್ಷಾರ್ಹ ಅಪರಾಧ. ಇಂತಹ ಸಾವಿಗೆ ಕೊಡಬೇಕಾದ ಪರಿಹಾರವನ್ನು ಸರ್ವೋಚ್ಚ ನ್ಯಾಯಾಲಯವು 2023ರ ಅಕ್ಟೋಬರಿನಲ್ಲಿ 10 ಲಕ್ಷದಿಂದ 30 ಲಕ್ಷ ರೂಪಾಯಿಗಳಿಗೆ ಏರಿಸಿತು. ತಲೆಯ ಮೇಲಿನ ಬುಟ್ಟಿಯನ್ನು ಇಳಿಸಿದ ನಾಡಿನಲ್ಲಿ ಅದೇ ಜನರನ್ನು ನೆಲದಡಿಗೆ ಇಳಿಸುವುದಾದರೆ ಆದ ಸುಧಾರಣೆ ಯಾವುದು? ಗಸಿಯು ಮೆದುವಾಗಿರುವಾಗಲೇ ಯಂತ್ರವನ್ನು ಕರೆಸುವ ಗೃಹಸ್ಥನು ಈ ಪಾಪದಿಂದ ದೂರವಿರುತ್ತಾನೆ. ಹೀರಿದ ಗಸಿಯನ್ನು ಕೆರೆಗೋ ಹಳ್ಳಕ್ಕೋ ಸುರಿಯುವ ವಾಹನಗಳೂ ಇವೆ. ಅದನ್ನು ಎಲ್ಲಿಗೆ ಒಯ್ಯುವಿರೆಂದು ಕೇಳುವುದು ಮನೆಯ ಯಜಮಾನನ ಹಕ್ಕೂ ಹೌದು, ಹೊಣೆಯೂ ಹೌದು. ಇಂತಹ ಗಸಿಯನ್ನು ಸಂಸ್ಕರಿಸಿ ಗೊಬ್ಬರವಾಗಿಸುವ ಘಟಕವು 2015ರಲ್ಲಿ ದೇವನಹಳ್ಳಿಯಲ್ಲಿ ಆರಂಭವಾಯಿತು. ಆ ಬಗೆಯ ಕೆಲಸದಲ್ಲಿ ದೇಶಕ್ಕೇ ಮೊದಲಿಗೆಂಬ ಹೆಸರು ಅದಕ್ಕಿದೆ.

ಗಸಿ ಎಷ್ಟಾಗಿದೆಯೆಂದು ತಿಳಿಯಲು ತೊಟ್ಟಿಯೊಳಕ್ಕೆ ಇಣುಕಬೇಕಾಗಿಲ್ಲ, ಇಣುಕಲೂಬಾರದು. ಉದ್ದನೆಯ ಗಳುವಿನ ತುದಿಗೆ ಮೂರು ನಾಲ್ಕು ಅಡಿಯಷ್ಟು ಬಿಳಿಯ ಬಟ್ಟೆಯನ್ನು ಸುತ್ತಿ, ಮುಚ್ಚಳವನ್ನು ಸರಿಸಿ ಸ್ವಲ್ಪ ಹೊತ್ತು ಗಾಳಿಯಾಡಲು ಬಿಟ್ಟು, ದೂರ ನಿಂತು ತಳ ಮುಟ್ಟುವವರೆಗೆ ಇಳಿಸಿ ಮೆಲ್ಲನೆ ಎತ್ತಬೇಕು. ಬಟ್ಟೆಗೆ ಕರಿಯ ಗಸಿ ಹತ್ತಿದ ಎತ್ತರವೇ ಗಸಿಯ ಎತ್ತರ. ಅದು ನೀರಿನ ಆಳದ ಮೂರನೆಯ ಒಂದು ಭಾಗಕ್ಕೆ ಬಂದಿದ್ದರೆ ಯಂತ್ರವನ್ನು ಕರೆಸುವ ಕಾಲ ಬಂದಿತೆಂದು ತಿಳಿಯಬೇಕು. ಒಳಗೆ ಉರಿಯುವ ಅನಿಲವೂ ಇರುವುದರಿಂದ ದೀಪ, ಬೀಡಿಗಳು ಹತ್ತಿರ ಸುಳಿಯಕೂಡದು, ಮಕ್ಕಳನ್ನು ದೂರವಿರಿಸಬೇಕು, ಮುಚ್ಚಳವನ್ನು ಕೂಡಲೇ ಭದ್ರವಾಗಿ ಮುಚ್ಚಬೇಕು. ಅಳೆದ ದಿನವನ್ನೂ ಗಸಿಯ ಎತ್ತರವನ್ನೂ ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟರೆ, ಮುಂದಿನ ವರ್ಷ ಅಳೆದಾಗ ಆ ಮನೆಯಲ್ಲಿ ಗಸಿ ಯಾವ ವೇಗದಿಂದ ಏರುತ್ತಿದೆ, ಯಂತ್ರವನ್ನು ಎಂದು ಕರೆಸಬೇಕು ಎಂಬುದು ಗೊತ್ತಾಗುತ್ತದೆ.